ಕಫ ತೆಗೆಯುವುದಕ್ಕೆ ರಜೆಯಿಲ್ಲ: ಸಿಸ್ಟಿಕ್ ಫೈಬ್ರೋಸಿಸ್, ಲಾಕ್‌ಡೌನ್ ಮತ್ತು ಮನೆಯೊಳಗಿನ ಫಿಸಿಯೋಥೆರಪಿ

2020ರ ಮಾರ್ಚ್ 25ರಿಂದ ಮೇ 31ರವರೆಗೆ, ನಾಲ್ಕು ಹಂತಗಳಲ್ಲಿ ಒಟ್ಟು 68 ದಿನ ಇಡೀ ದೇಶ ಲಾಕ್‌ಡೌನ್‌ನಲ್ಲಿತ್ತು. ಆಸ್ಪತ್ರೆ, ಔಷಧಿ ಅಂಗಡಿ, ಆಂಬುಲೆನ್ಸ್ ಎಲ್ಲವೂ 'ಅಗತ್ಯ ಸೇವೆ'ಯ ಪಟ್ಟಿಯಲ್ಲಿದ್ದವು. ಆದರೆ ಕೆಲವು ಮನೆಗಳಲ್ಲಿ ದಿನಕ್ಕೆರಡು ಬಾರಿ, ತಲಾ ಅರ್ಧ ಗಂಟೆ, ತಪ್ಪದೇ ನಡೆಯಬೇಕಾದ ಚಿಕಿತ್ಸೆಯೊಂದಿದೆ. ಅದು ಮಾತ್ರೆಯಲ್ಲ, ಇಂಜೆಕ್ಷನ್ನೂ ಅಲ್ಲ, ಎದೆಯೊಳಗೆ ಅಂಟಿಕೊಂಡ ಕಫವನ್ನು ಸಡಿಲಿಸಿ ಹೊರಗೆ ತೆಗೆಯುವ ಕೆಲಸ. ಸಿಸ್ಟಿಕ್ ಫೈಬ್ರೋಸಿಸ್ ಇರುವವರಿಗೆ ಇದು ಹಲ್ಲುಜ್ಜಿದಷ್ಟೇ ಸಹಜ, ಇನ್ಸುಲಿನ್‌ನಷ್ಟೇ ಅಗತ್ಯ.

ಈ ಬರಹಕ್ಕೆ ಎರಡು ಉದ್ದೇಶಗಳಿವೆ. ಮನೆಯಲ್ಲೇ ಎದೆಯ ಫಿಸಿಯೋಥೆರಪಿ ಮತ್ತು ವ್ಯಾಯಾಮವನ್ನು ಬಿಡದೆ ನಡೆಸುವುದು ಹೇಗೆ ಅನ್ನೋದನ್ನು ಒಂದೆಡೆ ಬರೆದಿಡುವುದು ಮೊದಲನೆಯದು. ಇಷ್ಟು ಕಡಿಮೆ ಖರ್ಚಿನ ಚಿಕಿತ್ಸೆ ನಮ್ಮ ಆರೋಗ್ಯ ನೀತಿಯ ಕಣ್ಣಿಗೆ ಯಾಕೆ ಬಿದ್ದಿಲ್ಲ ಎಂದು ಕೇಳುವುದು ಎರಡನೆಯದು. ನನ್ನ ತಮ್ಮನಿಗೆ ಈ ಕಾಯಿಲೆ ಇದೆ. ಲಾಕ್‌ಡೌನ್ ಶುರುವಾದಾಗ ಅವನಿಗೆ 13 ವರ್ಷ. ನಾವಿರುವುದು ದಾವಣಗೆರೆಯಲ್ಲಿ, ಅವನನ್ನು ನೋಡುವ ವೈದ್ಯರು ಮತ್ತು ಫಿಸಿಯೋಥೆರಪಿಸ್ಟ್ ಇರುವುದು ಬೆಂಗಳೂರಿನಲ್ಲಿ. ಇಲ್ಲಿರುವ ಪ್ರಾಯೋಗಿಕ ವಿವರಗಳು ಅವರಿಂದ ಕಲಿತು, ನಾನೇ ಮಾಡಿ ನೋಡಿದವು.

ಏನಿದು ಕಾಯಿಲೆ?

ನಮ್ಮ ದೇಹದ 7ನೇ ವರ್ಣತಂತುವಿನಲ್ಲಿ ಸಿಎಫ್‌ಟಿಆರ್ ಎಂಬ ಜೀನ್ ಇದೆ. ವಿಜ್ಞಾನಿಗಳು ಅದನ್ನು ಗುರುತಿಸಿದ್ದು 1989ರಲ್ಲಿ. ಜೀವಕೋಶದ ಗೋಡೆಯಲ್ಲಿ ಕ್ಲೋರೈಡ್ ಮತ್ತು ಬೈಕಾರ್ಬನೇಟ್ ಹಾದುಹೋಗಲು ಒಂದು ಬಾಗಿಲು ಬೇಕು. ಅದನ್ನು ಕಟ್ಟುವ ನಕ್ಷೆ ಈ ಜೀನ್‌ನಲ್ಲಿದೆ. ನಕ್ಷೆ ಕೆಟ್ಟರೆ ಬಾಗಿಲು ಕೆಡುತ್ತದೆ, ಉಪ್ಪು ಮತ್ತು ನೀರಿನ ಲೆಕ್ಕ ತಪ್ಪುತ್ತದೆ. ಶ್ವಾಸಕೋಶದಲ್ಲಿ ತೆಳುವಾಗಿ ಹರಿಯಬೇಕಾದ ಲೋಳೆ ಗೋಂದಿನ ಹಾಗೆ ಗಟ್ಟಿಯಾಗುತ್ತದೆ. ಮೇದೋಜೀರಕ ಗ್ರಂಥಿಯ ನಾಳಗಳು ಕಟ್ಟಿಕೊಂಡು, ತಿಂದ ಕೊಬ್ಬು ಜೀರ್ಣವಾಗದೆ ಹೊರಗೆ ಹೋಗುತ್ತದೆ. ಬೆವರಿನಲ್ಲಿ ವಿಪರೀತ ಉಪ್ಪು ಸೋರುತ್ತದೆ. ಮಗುವಿಗೆ ಮುತ್ತು ಕೊಟ್ಟರೆ ತುಟಿಗೆ ಉಪ್ಪು ಹತ್ತುವುದು ಇದರ ಹಳೆಯ ಗುರುತು.

ತಂದೆ, ತಾಯಿ ಇಬ್ಬರೂ ಕೆಟ್ಟ ಜೀನ್‌ನ ಒಂದೊಂದು ಪ್ರತಿ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವರಿಬ್ಬರಿಗೂ ಯಾವ ತೊಂದರೆಯೂ ಇರುವುದಿಲ್ಲ. ಸೋದರಮಾವ, ಅತ್ತೆ ಮಗ ಎಂದು ರಕ್ತಸಂಬಂಧದಲ್ಲಿ ಮದುವೆಯಾಗುವುದು ನಮ್ಮಲ್ಲಿ ಇನ್ನೂ ಇದೆ. ಇಂಥ ಮದುವೆಗಳಲ್ಲಿ ಇಬ್ಬರೂ ಒಂದೇ ಜೀನ್ ಹೊತ್ತಿರುವ ಸಾಧ್ಯತೆ ಹೆಚ್ಚು. ಹಾಗಂತ ಸಂಬಂಧದ ಹೊರಗೆ ಮದುವೆಯಾದರೆ ಕಾಯಿಲೆ ಬರೋದೇ ಇಲ್ಲ ಅಂತಲ್ಲ.

'ಇದು ಬಿಳಿಯರ ಕಾಯಿಲೆ' ಎಂಬ ನಂಬಿಕೆ ಭಾರತದ ವೈದ್ಯಕೀಯದಲ್ಲಿ ಬಹುಕಾಲ ಇತ್ತು. ಪದೇಪದೇ ನ್ಯುಮೋನಿಯಾ ಬಂದರೆ, ತೂಕ ಏರದಿದ್ದರೆ, ಕೆಮ್ಮು ನಿಲ್ಲದಿದ್ದರೆ ಮೊದಲು ಬರುವ ಅನುಮಾನ ಕ್ಷಯ ಅಥವಾ ಅಸ್ತಮಾ. ಪತ್ತೆಗೆ ಬೇಕಿರುವುದು ಬೆವರಿನ ಕ್ಲೋರೈಡ್ ಪರೀಕ್ಷೆ. ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ಕಾಯಿಲೆ ಇದೆ ಎಂದರ್ಥ, ಜೀನ್ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ಆದರೆ ಬೆವರಿನ ಪರೀಕ್ಷೆ ದೊಡ್ಡ ಊರುಗಳ ಕೆಲವೇ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಹುಟ್ಟಿದ ಕೂಡಲೇ ಎಲ್ಲ ಮಕ್ಕಳನ್ನೂ ಇದಕ್ಕಾಗಿ ತಪಾಸಣೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ನಮ್ಮಲ್ಲಿಲ್ಲ.

ಒಂದು ದಿನ ಬಿಟ್ಟರೆ ಏನಾಗುತ್ತೆ?

ಒಂದು ದಿನ ಬಿಟ್ಟರೆ ಹೊರಗೆ ಏನೂ ಕಾಣದು. ಅಪಾಯ ಇರುವುದೇ ಅಲ್ಲಿ. ನಿಂತ ಕಫದಲ್ಲಿ ಸ್ಟ್ಯಾಫಿಲೋಕಾಕಸ್, ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಮನೆ ಮಾಡುತ್ತವೆ. ಸೋಂಕಿಗೆ ಊತ, ಊತಕ್ಕೆ ಇನ್ನಷ್ಟು ಕಫ, ಕಫಕ್ಕೆ ಮತ್ತೆ ಸೋಂಕು. ಈ ಸುತ್ತು ತಿರುಗುತ್ತಾ ಹೋದ ಹಾಗೆ ಶ್ವಾಸನಾಳಗಳು ಹಿಗ್ಗಿ ಹಾಳಾಗುತ್ತವೆ, ಹಾಗೆ ಹಾಳಾದದ್ದು ಸಾಮಾನ್ಯವಾಗಿ ಸರಿಹೋಗುವುದಿಲ್ಲ. ದಿನವೂ ಕಫ ತೆಗೆಯುವುದು ಈ ಸುತ್ತನ್ನು ನಿಧಾನ ಮಾಡುವ ಕೆಲಸ. ಎರಡು ವಾರ ಬಿಟ್ಟರೆ ಆಸ್ಪತ್ರೆಗೆ ಸೇರಿ ನರಕ್ಕೆ ಆ್ಯಂಟಿಬಯಾಟಿಕ್ ಹಾಕಿಸಿಕೊಳ್ಳುವ ಸ್ಥಿತಿ ಬರಬಹುದು. 2020ರಲ್ಲಿ ಆಸ್ಪತ್ರೆ ಅಂದರೇನೇ ಭಯ.

ಲಾಕ್‌ಡೌನ್ ಕಿತ್ತುಕೊಂಡಿದ್ದೇನು?

ವಿಚಿತ್ರ ಅಂದರೆ, ಕೊರೋನಾ ಕಲಿಸಿದ ಶಿಸ್ತು ಈ ಮನೆಗಳಿಗೆ ಹೊಸದಾಗಿರಲಿಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಇರುವ ಇಬ್ಬರು ಪರಸ್ಪರ ಆರು ಅಡಿ ದೂರದಲ್ಲಿರಬೇಕು, ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಬೇಕು ಎಂಬುದು ಅಮೆರಿಕದ ಸಿಸ್ಟಿಕ್ ಫೈಬ್ರೋಸಿಸ್ ಫೌಂಡೇಶನ್ 2013ರಲ್ಲೇ ಹೇಳಿದ ಮಾತು. ಒಬ್ಬರ ಶ್ವಾಸಕೋಶದ ಬ್ಯಾಕ್ಟೀರಿಯಾ ಇನ್ನೊಬ್ಬರಿಗೆ ಮಾರಕವಾಗಬಹುದು ಎಂಬುದೇ ಕಾರಣ.

ಕೇಂದ್ರ ಗೃಹ ಸಚಿವಾಲಯದ 2020ರ ಮಾರ್ಚ್ 24ರ ಆದೇಶ ಕ್ಲಿನಿಕ್‌ಗಳಿಗೂ, ಅರೆವೈದ್ಯಕೀಯ ಸಿಬ್ಬಂದಿಯ ಓಡಾಟಕ್ಕೂ ವಿನಾಯಿತಿ ಕೊಟ್ಟಿತ್ತು. ಕಾಗದದಲ್ಲಿ ಬಾಗಿಲು ತೆರೆದೇ ಇತ್ತು. ಆದರೆ ಬಸ್ ಇರಲಿಲ್ಲ. ನಾವು ಹೋಗುತ್ತಿದ್ದ ಆಸ್ಪತ್ರೆಯ ಹೊರರೋಗಿ ವಿಭಾಗ ಮುಚ್ಚಿತ್ತು. ಊದಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆಯನ್ನು ಸೋಂಕು ಹರಡುವ ಭಯದಿಂದ ನಿಲ್ಲಿಸಿದ್ದರು. ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂದಿದ್ದು ಮಾರ್ಚ್ 25ರಂದೇ, ಆದರೆ ಅದು ನೋಂದಾಯಿತ ವೈದ್ಯರಿಗೆಂದು ಬರೆದದ್ದು. ಫಿಸಿಯೋಥೆರಪಿಸ್ಟ್‌ಗಳನ್ನು ಒಳಗೊಂಡ ರಾಷ್ಟ್ರೀಯ ಕಾನೂನು ಬಂದಿದ್ದು ಒಂದು ವರ್ಷದ ನಂತರ, 2021ರ ಮಾರ್ಚ್‌ನಲ್ಲಿ. ನಮ್ಮ ಫಿಸಿಯೋಥೆರಪಿಸ್ಟ್ ಮೇಡಂ ವಾರಕ್ಕೊಮ್ಮೆ ವಾಟ್ಸಾಪ್ ವಿಡಿಯೋ ಕಾಲ್‌ನಲ್ಲಿ ತಮ್ಮನ ಉಸಿರಾಟ ನೋಡಿ ತಿದ್ದುತ್ತಿದ್ದರು. ಅದು ಅವರ ಒಳ್ಳೆಯತನ, ವ್ಯವಸ್ಥೆ ಮಾಡಿಕೊಟ್ಟ ಸೇವೆಯಲ್ಲ.

ಇನ್ನೊಂದು ಕಷ್ಟ ಕೆಮ್ಮಿನದು. ನಮ್ಮದು ಗೋಡೆಗೆ ಗೋಡೆ ಅಂಟಿದ ವಠಾರದ ಮನೆ. ಕಫ ತೆಗೆಯುವಾಗ ಜೋರಾಗಿ ಕೆಮ್ಮಲೇಬೇಕು. ಆ ಹೊತ್ತಿನಲ್ಲಿ ಕೆಮ್ಮು ಅಂದರೆ ಕೊರೋನಾ. ಯಾರೋ 104ಕ್ಕೆ ಫೋನ್ ಮಾಡಿದ್ದರಿಂದ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದರು. ಅಮ್ಮ ಫೈಲ್ ತೆಗೆದು ತೋರಿಸಿ ಎಲ್ಲ ಬಿಡಿಸಿ ಹೇಳಿದ ಮೇಲೆ, ಆ ಅಕ್ಕನೇ ಅಕ್ಕಪಕ್ಕದವರಿಗೆ 'ಇದು ಹುಟ್ಟಿನಿಂದ ಬಂದ ಕಾಯಿಲೆ, ಅಂಟಲ್ಲ' ಅಂತ ತಿಳಿಸಿದರು. ವೈದ್ಯರಿಂದ ಕನ್ನಡದಲ್ಲಿ ಒಂದು ಪತ್ರ ಬರೆಸಿ ಫೋನ್‌ನಲ್ಲಿ ಇಟ್ಟುಕೊಳ್ಳಿ. ಪೊಲೀಸ್ ತಡೆದಾಗಲೂ ಕೆಲಸಕ್ಕೆ ಬರುತ್ತದೆ.

ಕ್ರಮ ಮುಖ್ಯ

ಸಾಮಾನ್ಯವಾಗಿ ಹೇಳಿಕೊಡುವ ಕ್ರಮ ಹೀಗಿದೆ:

1. ಮೊದಲು ಶ್ವಾಸನಾಳ ಹಿಗ್ಗಿಸುವ ಔಷಧಿ, ಉದಾಹರಣೆಗೆ ಸಾಲ್‌ಬ್ಯುಟಮಾಲ್.
2. ನಂತರ ನೆಬ್ಯುಲೈಸರ್‌ನಲ್ಲಿ ಗಾಢ ಉಪ್ಪುನೀರು, ಅಂದರೆ 3% ಅಥವಾ 7% ಸಲೈನ್. ಇದು ನೀರನ್ನು ಎಳೆದುಕೊಂಡು ಕಫವನ್ನು ತೆಳುವಾಗಿಸುತ್ತದೆ. ಕೆಲವರಿಗೆ ಇದರಿಂದ ಶ್ವಾಸನಾಳ ಬಿಗಿಯುವುದುಂಟು, ಹಾಗಾಗಿ ಮೊದಲ ಡೋಸ್ ವೈದ್ಯರ ಎದುರಿಗೇ ಆಗಬೇಕು.
3. ಆಮೇಲೆ ಕಫ ತೆಗೆಯುವ ಫಿಸಿಯೋಥೆರಪಿ.
4. ಕೊನೆಗೆ, ಬರೆದುಕೊಟ್ಟಿದ್ದರೆ, ಉಸಿರಿನ ಮೂಲಕ ಎಳೆದುಕೊಳ್ಳುವ ಆ್ಯಂಟಿಬಯಾಟಿಕ್. ಕಫ ತುಂಬಿರುವಾಗಲೇ ಇದನ್ನು ಕೊಟ್ಟರೆ ಔಷಧಿ ಕಫದ ಮೇಲೆ ಕೂರುತ್ತದೆ, ಶ್ವಾಸಕೋಶದ ಗೋಡೆ ತಲುಪುವುದಿಲ್ಲ.

ಊಟಕ್ಕೆ ಮೊದಲು, ಇಲ್ಲವೇ ಊಟವಾಗಿ ಒಂದೂವರೆ ಎರಡು ಗಂಟೆ ಕಳೆದ ಮೇಲೆ ಮಾಡಬೇಕು. ಹೊಟ್ಟೆ ತುಂಬಿದ್ದರೆ ವಾಂತಿಯಾಗುತ್ತೆ. ಕಿಟಕಿ ತೆರೆದಿರಲಿ. ನೆಬ್ಯುಲೈಸರ್ ಹೊಗೆ ಮತ್ತು ಕೆಮ್ಮು ಎರಡೂ ಹನಿಗಳನ್ನು ಗಾಳಿಗೆ ಬಿಡುವುದರಿಂದ, ಕೊರೋನಾ ಕಾಲದಲ್ಲಿ ಮನೆಯ ಉಳಿದವರು ಬೇರೆ ಕೋಣೆಯಲ್ಲಿರುವುದು ಒಳ್ಳೆಯದು. ಕರೆಂಟ್ ಹೋಗುವ ಊರುಗಳಲ್ಲಿ ಅದು ಇರುವ ಹೊತ್ತಿಗೇ ನೆಬ್ಯುಲೈಸರ್ ಮುಗಿಸಿಕೊಳ್ಳಬೇಕು, ಉಳಿದದ್ದಕ್ಕೆ ಕರೆಂಟ್ ಬೇಡ.

ನೆಬ್ಯುಲೈಸರ್ ಕಪ್ಪನ್ನು ಪ್ರತಿ ಸಲ ಸೋಪಿನಲ್ಲಿ ತೊಳೆಯಬೇಕು. ಕಂಪನಿಯ ಸೂಚನೆ ಒಪ್ಪಿದರೆ ಐದು ನಿಮಿಷ ಕುದಿಸಿ, ಪೂರ್ತಿ ಒಣಗಿಸಬೇಕು. ಸ್ಯೂಡೋಮೊನಾಸ್‌ಗೆ ತೇವ ಅಂದರೆ ಪ್ರೀತಿ. ನಲ್ಲಿ ನೀರಲ್ಲಿ ಅದ್ದಿ ತೆಗೆದರೆ ಸಾಲದು.

ಉಸಿರಿನ ಸುತ್ತು

ಯಾವ ಉಪಕರಣವೂ ಬೇಡದ, ಎಂಟು ಹತ್ತು ವರ್ಷದ ಮಕ್ಕಳಿಂದ ಹಿಡಿದು ಎಲ್ಲರೂ ಕಲಿಯಬಹುದಾದ ವಿಧಾನ ಇದು. ಮೂರು ಭಾಗಗಳಿವೆ.

*ಆರಾಮದ ಉಸಿರು:* ಭುಜ ಸಡಿಲ ಬಿಟ್ಟು, ಹೊಟ್ಟೆ ಏರಿಳಿಯುವ ಹಾಗೆ ಅರ್ಧ ನಿಮಿಷ ಮೆಲ್ಲಗೆ ಉಸಿರಾಡುವುದು.

*ಆಳದ ಉಸಿರು:* ಮೂಗಿನಿಂದ ನಿಧಾನವಾಗಿ ತುಂಬ ಎಳೆದು, ಎರಡು ಮೂರು ಸೆಕೆಂಡ್ ಹಿಡಿದು, ಒತ್ತಾಯವಿಲ್ಲದೆ ಬಿಡುವುದು. ಹೀಗೆ ಮೂರು ನಾಲ್ಕು ಸಲ. ಹಿಡಿದಿಟ್ಟ ಹೊತ್ತಿನಲ್ಲಿ ಗಾಳಿ ಕಫದ ಹಿಂದಕ್ಕೆ ಸೇರಿಕೊಳ್ಳುತ್ತದೆ. ಮತ್ತೆ ಆರಾಮದ ಉಸಿರು.

*ಹಫ್:* ಕನ್ನಡಕದ ಗಾಜು ಒರೆಸುವ ಮೊದಲು ಬಾಯಿ ತೆರೆದು 'ಹಾ' ಅಂತ ಹಬೆ ಬಿಡುತ್ತೇವಲ್ಲ, ಹಾಗೆ. ಸಾಧಾರಣ ಉಸಿರು ಎಳೆದು ಉದ್ದಕ್ಕೆ ಬಿಟ್ಟರೆ ಆಳದ ಸಣ್ಣ ನಾಳಗಳಿಂದ ಕಫ ಮೇಲೇರುತ್ತದೆ. ಪೂರ್ತಿ ಉಸಿರು ಎಳೆದು ಚಿಕ್ಕದಾಗಿ, ಜೋರಾಗಿ ಬಿಟ್ಟರೆ ಮೇಲಿನ ದೊಡ್ಡ ನಾಳಗಳಿಂದ ಹೊರಬರುತ್ತದೆ. ಆಮೇಲೆ ಒಂದು ಕೆಮ್ಮು. ಸುಮ್ಮನೆ ಕೆಮ್ಮುತ್ತಲೇ ಇದ್ದರೆ ನಾಳಗಳು ಮುದುಡಿ ಸುಸ್ತಾಗುತ್ತದೆಯೇ ಹೊರತು ಕಫ ಬರುವುದಿಲ್ಲ.

ಎದೆ ಹಗುರ ಅನ್ನಿಸುವವರೆಗೆ, ಸಾಮಾನ್ಯವಾಗಿ 20ರಿಂದ 30 ನಿಮಿಷ, ಈ ಸುತ್ತು ನಡೆಯಬೇಕು. ಬಂದ ಕಫವನ್ನು ನುಂಗದೆ ಟಿಶ್ಯೂಗೆ ಉಗಿದು, ಬಣ್ಣ ನೋಡಿ, ಮುಚ್ಚಳದ ಡಬ್ಬಿಗೆ ಹಾಕಬೇಕು. ಪದೇಪದೇ ಕೆಮ್ಮುವುದರಿಂದ ಕೆಲವರಿಗೆ, ಮುಖ್ಯವಾಗಿ ಹುಡುಗಿಯರಿಗೆ, ಮೂತ್ರ ಜಿನುಗುವುದುಂಟು. ನಾಚಿಕೆಯಿಂದ ಕೆಮ್ಮನ್ನೇ ತಡೆಹಿಡಿಯುವವರಿದ್ದಾರೆ. ಕೆಮ್ಮುವ ಮೊದಲು ತಳದ ಸ್ನಾಯು ಬಿಗಿಹಿಡಿಯುವುದನ್ನು ಫಿಸಿಯೋಥೆರಪಿಸ್ಟ್ ಕಲಿಸುತ್ತಾರೆ, ಕೇಳಿ.

ತಟ್ಟುವ ಕೈ

ಚಿಕ್ಕ ಮಕ್ಕಳಿಗೆ ಎದೆ, ಬೆನ್ನು ತಟ್ಟುವುದೇ ಹಳೆಯ ವಿಧಾನ. ರೊಟ್ಟಿ ತಟ್ಟುವ ಕೈ ಚಪ್ಪಟೆಯಾಗಿರುತ್ತದೆ. ಇಲ್ಲಿ ಬೆರಳು ಸೇರಿಸಿ, ನೀರು ಹಿಡಿಯುವ ಹಾಗೆ ಅಂಗೈ ಬಾಗಿಸಬೇಕು. ತೆಳು ಬಟ್ಟೆಯ ಮೇಲೆ ತಟ್ಟಿದಾಗ 'ಡಬ್ ಡಬ್' ಎಂದು ಟೊಳ್ಳು ಸದ್ದು ಬರಬೇಕು, 'ಚಟ್' ಅಂದರೆ ಕೈ ತಪ್ಪಿದೆ. ಒಂದೊಂದು ಭಂಗಿಯಲ್ಲಿ ಮೂರರಿಂದ ಐದು ನಿಮಿಷ. ಶ್ವಾಸಕೋಶದ ಮೇಲ್ಭಾಗಕ್ಕೆ ಕೂರಿಸಿ, ಬದಿಗಳಿಗೆ ಮಗ್ಗುಲಾಗಿ ಮಲಗಿಸಿ ಮಾಡಬಹುದು. ಬೆನ್ನುಮೂಳೆ, ಎದೆಯ ನಡುಮೂಳೆ, ಹೊಟ್ಟೆ, ಸೊಂಟದ ಹಿಂಭಾಗ ತಟ್ಟಬಾರದು. ಕೂಸುಗಳನ್ನು ತಲೆಕೆಳಗಾಗಿ ವಾಲಿಸುವ ಪದ್ಧತಿಯನ್ನು ಈಗ ಕೈಬಿಟ್ಟಿದ್ದಾರೆ, ಹೊಟ್ಟೆಯದ್ದು ಗಂಟಲಿಗೆ ಬರುತ್ತದೆ.

ಬಾಟಲಿ ಮತ್ತು ಉಪಕರಣ

ಅಕಾಪೆಲ್ಲಾ, ಫ್ಲಟರ್ ಎಂಬ ಕೈಯಲ್ಲಿ ಹಿಡಿಯುವ ಸಾಧನಗಳಿವೆ. ಊದಿದಾಗ ಅವು ಎದುರೊತ್ತಡ ಕೊಟ್ಟು, ಕಂಪನದಿಂದ ಕಫ ಸಡಿಲಿಸುತ್ತವೆ. ಇವನ್ನು ಕೊಳ್ಳಲಾಗದವರಿಗೆ ನೀರಿನ ಬಾಟಲಿ ಇದೆ. ತೆರೆದ ಬಾಯಿಯ ಪ್ಲಾಸ್ಟಿಕ್ ಬಾಟಲಿಯಲ್ಲಿ ಸುಮಾರು 10 ಸೆಂಟಿಮೀಟರ್ ನೀರು ತುಂಬಿ, ಒಂದು ಸೆಂಟಿಮೀಟರ್‌ನಷ್ಟು ಒಳವ್ಯಾಸದ ಶುದ್ಧ ಟ್ಯೂಬ್ ಇಳಿಸಿ, ಗುಳ್ಳೆ ಬರುವ ಹಾಗೆ ನಿಧಾನವಾಗಿ ಊದುವುದು. ಮಕ್ಕಳಿಗೆ ಇದು ಆಟ. ನೀರನ್ನು ಹೀರಬಾರದು. ಪ್ರತಿ ಸಲ ಹೊಸ ನೀರು, ಆಗಾಗ ಹೊಸ ಬಾಟಲಿ. ನೀರಿನ ಆಳ ಎಷ್ಟಿರಬೇಕು ಎಂದು ಫಿಸಿಯೋಥೆರಪಿಸ್ಟ್ ಹೇಳಿದ ಮೇಲೆಯೇ ಶುರು ಮಾಡಿ.

ಎದೆಗೆ ಕಟ್ಟಿ ನಡುಗಿಸುವ ವೆಸ್ಟ್‌ನ ಬೆಲೆ ಲಕ್ಷಗಳಲ್ಲಿದೆ. ಅದಿಲ್ಲ ಅಂತ ಯಾರೂ ಕೊರಗಬೇಕಿಲ್ಲ. ವಿಧಾನಗಳನ್ನು ಹೋಲಿಸಿದ ಕಾಕ್ರೇನ್ ವಿಮರ್ಶೆಗಳು ಯಾವುದೋ ಒಂದು ಉಳಿದವಕ್ಕಿಂತ ಮೇಲು ಎಂಬುದಕ್ಕೆ ಗಟ್ಟಿ ಪುರಾವೆ ಕಂಡಿಲ್ಲ. ಬಿಡದೆ ಮಾಡಲು ಯಾವುದು ಸಾಧ್ಯವೋ ಅದೇ ಒಳ್ಳೆಯ ವಿಧಾನ.

ವ್ಯಾಯಾಮ: ಬೋನಸ್ ಅಲ್ಲ

ಓಡಿದಾಗ ಉಸಿರು ಆಳವಾಗುತ್ತದೆ, ಕಫ ಅಲುಗುತ್ತದೆ. ಮೂಳೆ ಗಟ್ಟಿಯಾಗುತ್ತದೆ, ಹಸಿವು ಹೆಚ್ಚುತ್ತದೆ. ಶಾಲೆ, ಮೈದಾನ ಮುಚ್ಚಿದಾಗ ಹೋದದ್ದು ಬರೀ ಆಟವಲ್ಲ, ಚಿಕಿತ್ಸೆಯ ಒಂದು ಭಾಗ. ಅದರ ಮೇಲೆ ಆನ್‌ಲೈನ್ ಕ್ಲಾಸ್ ಅಂತ ದಿನವಿಡೀ ಬಗ್ಗಿ ಕೂರುವುದು ಬೇರೆ.

ಹತ್ತಡಿ ಜಾಗದಲ್ಲಿ ಆಗುವುದು: ಸ್ಕಿಪ್ಪಿಂಗ್, ಮೆಟ್ಟಿಲು ಹತ್ತಿಳಿಯುವುದು, ಕುಂಟೆಬಿಲ್ಲೆ, ಸೂರ್ಯ ನಮಸ್ಕಾರ, ಬಸ್ಕಿ, ಹಾಡು ಹಾಕಿ ಕುಣಿಯುವುದು. ಮಧ್ಯೆ ನಿಂತು ನಾಲ್ಕು ಹಫ್. ಭುಜ ಮುಂದಕ್ಕೆ ಬಾಗಿ ಎದೆ ಗೂಡುಗಟ್ಟುವುದು ಈ ಕಾಯಿಲೆಯಲ್ಲಿ ಸಾಮಾನ್ಯ, ಆದ್ದರಿಂದ ಎದೆ ತೆರೆಯುವ ಚಾಚು ದಿನವೂ ಇರಲಿ. ಎಷ್ಟು ಜೋರು ಅಂದರೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು. ಪಲ್ಸ್ ಆಕ್ಸಿಮೀಟರ್ ಇದ್ದರೆ, ಎಷ್ಟಕ್ಕಿಂತ ಕೆಳಗಿಳಿದರೆ ನಿಲ್ಲಿಸಬೇಕು ಎಂದು ವೈದ್ಯರಿಂದ ಮೊದಲೇ ಕೇಳಿಟ್ಟುಕೊಳ್ಳಿ. ವೈದ್ಯರು ಹೇಳದೆ, ವ್ಯಾಯಾಮ ಆಯಿತಲ್ಲ ಎಂದು ಫಿಸಿಯೋಥೆರಪಿ ಬಿಡುವ ಹಾಗಿಲ್ಲ.

ಉಪ್ಪು, ಬಿಸಿಲು, ಊಟ

ಎರಡೂ ಲಾಕ್‌ಡೌನ್‌ಗಳು ಬೇಸಿಗೆಯಲ್ಲೇ ಬಂದವು. 2021ರದ್ದು ರಾಜ್ಯದಲ್ಲಿ ಶುರುವಾಗಿದ್ದು ಏಪ್ರಿಲ್ 27ರ ರಾತ್ರಿ. ರಾಯಚೂರು, ಕಲಬುರಗಿಯಲ್ಲಿ ಪಾರಾ 40 ಡಿಗ್ರಿ ದಾಟುವ ಕಾಲ ಅದು. ಸಿಎಫ್ ಇರುವವರ ಬೆವರಿನಲ್ಲಿ ಉಪ್ಪು ಹರಿದುಹೋಗುತ್ತದೆ, ಆದರೆ ಬಾಯಾರಿಕೆ ಅದಕ್ಕೆ ತಕ್ಕಷ್ಟು ಆಗುವುದಿಲ್ಲ. ಸುಸ್ತು, ತಲೆನೋವು, ಸ್ನಾಯು ಸೆಳೆತ, ವಾಂತಿ ಕಂಡರೆ ಉಪ್ಪಿನ ಕೊರತೆ ಇರಬಹುದು. ಕೂಸುಗಳಲ್ಲಿ ಇದು ಜೀವಕ್ಕೇ ಅಪಾಯ. ವ್ಯಾಯಾಮ ಬೆಳಗ್ಗೆ ಅಥವಾ ಸಂಜೆ ಇರಲಿ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ಓಆರ್‌ಎಸ್ ಕೈಗೆಟುಕುವಲ್ಲಿರಲಿ. 'ಉಪ್ಪು ಕಮ್ಮಿ ಮಾಡಿ' ಎಂಬ ಸಾಮಾನ್ಯ ಸಲಹೆ ಇವರಿಗಲ್ಲ.

ಉಸಿರಾಟಕ್ಕೇ ಹೆಚ್ಚು ಶಕ್ತಿ ಖರ್ಚಾಗುವುದರಿಂದ ತುಪ್ಪ, ಶೇಂಗಾ, ಮೊಟ್ಟೆ ಬೇಕು. ಬರೆದುಕೊಟ್ಟಿದ್ದರೆ ಜೀರ್ಣಕ್ಕೆ ಎನ್‌ಜೈಮ್ ಕ್ಯಾಪ್ಸೂಲ್ ಊಟದ ಜೊತೆಗೇ ಹೋಗಬೇಕು. ಸಣ್ಣ ಊರಿನ ಮೆಡಿಕಲ್ ಸ್ಟೋರ್‌ನಲ್ಲಿ ಅದು ಸುಲಭಕ್ಕೆ ಸಿಗದು. ಒಂದು ತಿಂಗಳಿನದ್ದು ಸದಾ ಮನೆಯಲ್ಲಿರಲಿ.

ಯಾವಾಗ ನಿಲ್ಲಿಸಿ ಫೋನ್ ಮಾಡಬೇಕು?

- ಕಫದಲ್ಲಿ ರಕ್ತ ಕಂಡರೆ: ತಟ್ಟುವುದು, ಊದುವುದು ನಿಲ್ಲಿಸಿ ವೈದ್ಯರನ್ನು ಕೇಳಿ. ರಕ್ತ ಹೆಚ್ಚಿದ್ದರೆ ನೇರ ಆಸ್ಪತ್ರೆಗೆ.
- ಇದ್ದಕ್ಕಿದ್ದ ಹಾಗೆ ಎದೆಯ ಒಂದು ಕಡೆ ಚುಚ್ಚಿ ಉಸಿರು ಕಟ್ಟಿದರೆ: ಶ್ವಾಸಕೋಶದಿಂದ ಗಾಳಿ ಸೋರಿರಬಹುದು. ತಕ್ಷಣ ಆಸ್ಪತ್ರೆಗೆ.
- ಜ್ವರ, ಕಫದ ಬಣ್ಣ ಅಥವಾ ಪ್ರಮಾಣದಲ್ಲಿ ಬದಲಾವಣೆ, ತೂಕ ಇಳಿಕೆ, ಮೊದಲಿನಷ್ಟು ಮೆಟ್ಟಿಲು ಹತ್ತಲಾಗದಿರುವುದು: ಅಂದೇ ಫೋನ್ ಮಾಡಿ.

'ಇವತ್ತೊಂದಿನ ಬಿಡೇ ಅಕ್ಕ'

ಎಲ್ಲಕ್ಕಿಂತ ಕಷ್ಟದ ವಿಷಯ ಬೇಸರ. ಕಫ ತೆಗೆದ ಲಾಭ ಇವತ್ತು ಕಾಣುವುದಿಲ್ಲ, ಖರ್ಚಾದ ಒಂದು ಗಂಟೆ ಮಾತ್ರ ಕಾಣುತ್ತದೆ. ಹದಿಮೂರರ ಹುಡುಗನಿಗೆ 'ನಿನ್ನ ಒಳ್ಳೇದಕ್ಕೇ' ಅನ್ನೋ ಮಾತು ಒಂದು ವಾರ ನಡೆಯುತ್ತೆ, ಅಷ್ಟೇ. ನಮ್ಮಲ್ಲಿ ನಡೆದದ್ದು ಇಷ್ಟು: ಹೊತ್ತು ಬದಲಾಗದಂತೆ ನೋಡಿಕೊಂಡೆವು, ಯಾವ ವಿಧಾನ ಮೊದಲು ಎಂಬುದನ್ನು ಅವನಿಗೇ ಬಿಟ್ಟೆವು, ಕ್ರಿಕೆಟ್ ಹಳೆಯ ಮ್ಯಾಚ್ ನೋಡುತ್ತಾ ನೆಬ್ಯುಲೈಸರ್ ಹಿಡಿಯಲು ಬಿಟ್ಟೆವು. ಮನೆಯಲ್ಲಿ ಕನಿಷ್ಠ ಇಬ್ಬರಿಗೆ ತಟ್ಟಲು ಬರಬೇಕು. ಬಹುತೇಕ ಮನೆಗಳಲ್ಲಿ ಈ ಕೆಲಸ ಅಮ್ಮಂದಿರ ತೋಳಿನ ಮೇಲೇ ಬೀಳುತ್ತದೆ. ಅಪ್ಪನೂ ಕಲಿತದ್ದು ಲಾಕ್‌ಡೌನ್‌ನಿಂದ ನಮ್ಮ ಮನೆಗಾದ ಒಂದೇ ಲಾಭ.

ನೀತಿಯಲ್ಲಿ ಉಸಿರಿಗೆ ಜಾಗ ಎಲ್ಲಿ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ. ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಅದರಲ್ಲಿವೆ, ಸಿಸ್ಟಿಕ್ ಫೈಬ್ರೋಸಿಸ್ ಇಲ್ಲ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಮೂರನೇ ಗುಂಪಿನಲ್ಲಿ ಹೆಸರಿದೆ. ಆದರೆ ಹೆಸರಿನ ಪಕ್ಕ ಇರುವುದು ಔಷಧಿಗಳು ಮಾತ್ರ: ಡಿಎನ್‌ಏಸ್ ಮತ್ತು 'ಪೊಟೆನ್ಶಿಯೇಟರ್'. ಪೊಟೆನ್ಶಿಯೇಟರ್ ಕೆಲವು ಬಗೆಯ ಜೀನ್ ದೋಷಗಳಿಗಷ್ಟೇ ಕೆಲಸ ಮಾಡುತ್ತದೆ. 2022ರಲ್ಲಿ ನೆರವಿನ ಮಿತಿ 50 ಲಕ್ಷ ರೂಪಾಯಿಗೆ ಏರಿತು. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರೈಕಾಫ್ಟಾ ಎಂಬ ಮೂರು ಔಷಧಿಗಳ ಮಾತ್ರೆಯ ಬೆಲೆ ಅಲ್ಲಿ ವರ್ಷಕ್ಕೆ 3 ಲಕ್ಷ ಡಾಲರ್‌ಗೂ ಹೆಚ್ಚು. ಆ ಬೆಲೆಯ ವಿರುದ್ಧ, ಪೇಟೆಂಟ್ ವಿರುದ್ಧ ಹೋರಾಟ ನಡೆಯಲೇಬೇಕು. ಆದರೆ ಆ ಮಾತ್ರೆ ಬರುವವರೆಗೆ ಶ್ವಾಸಕೋಶ ಉಳಿದಿರಬೇಕಲ್ಲ? ಅದನ್ನು ಉಳಿಸುವುದು ದಿನದ ಈ ಒಂದು ಗಂಟೆ.

ಇದಕ್ಕೆ ಹೊಸ ಸಂಸ್ಥೆ ಕಟ್ಟಬೇಕಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಆರಂಭಿಕ ಚಿಕಿತ್ಸಾ ಕೇಂದ್ರಗಳಿವೆ. ಅಲ್ಲಿನ ತಂಡದಲ್ಲಿ ಫಿಸಿಯೋಥೆರಪಿಸ್ಟ್ ಇರಬೇಕು ಎಂದು ಮಾರ್ಗಸೂಚಿಯೇ ಹೇಳುತ್ತದೆ. ಆದರೆ ಆ ಕಾರ್ಯಕ್ರಮ ಹುಡುಕುವ ಕಾಯಿಲೆಗಳ ಪಟ್ಟಿಯಲ್ಲಿ ಸಿಎಫ್ ಇಲ್ಲ. ಕೇಳಬೇಕಾದದ್ದು ನಾಲ್ಕೇ: ಈ ಕಾಯಿಲೆಯನ್ನು ಆ ಪಟ್ಟಿಗೆ ಸೇರಿಸಿ. ಪ್ರತಿ ಜಿಲ್ಲಾ ಕೇಂದ್ರದ ಫಿಸಿಯೋಥೆರಪಿಸ್ಟ್‌ಗೆ ಕಫ ತೆಗೆಯುವ ವಿಧಾನಗಳಲ್ಲಿ ತರಬೇತಿ ಕೊಡಿ, ವಿಡಿಯೋ ಮೂಲಕ ಸಲಹೆ ನೀಡಲು ಅಧಿಕೃತ ಅವಕಾಶ ಮಾಡಿ. ನೆಬ್ಯುಲೈಸರ್, ಗಾಢ ಸಲೈನ್, ಎನ್‌ಜೈಮ್ ಕ್ಯಾಪ್ಸೂಲ್‌ಗಳನ್ನು ಜಿಲ್ಲಾಸ್ಪತ್ರೆಯಲ್ಲಿ ಉಚಿತವಾಗಿ ಕೊಡಿ. ವಿಭಾಗಕ್ಕೊಂದು ಕಡೆಯಾದರೂ ಬೆವರಿನ ಪರೀಕ್ಷೆ ಸಿಗಲಿ.

ನಿಮ್ಮ ಶಾಸಕರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಪತ್ರ ಬರೆಯಿರಿ. ನಿಮ್ಮ ಜಿಲ್ಲೆಯ ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್ ಹುದ್ದೆ ತುಂಬಿದೆಯೇ ಎಂದು ಮಾಹಿತಿ ಹಕ್ಕಿನಡಿ ಕೇಳಿ, ಹತ್ತು ರೂಪಾಯಿ ಶುಲ್ಕ. ಉತ್ತರ ಬಂದರೆ ಅದನ್ನು ಎಲ್ಲರ ಜೊತೆ ಹಂಚಿಕೊಳ್ಳಿ. ಆ ಹುದ್ದೆ ತುಂಬಿದರೆ ಅನುಕೂಲ ಸಿಎಫ್ ಮಕ್ಕಳಿಗೆ ಮಾತ್ರವಲ್ಲ, ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೂ, ಪದೇಪದೇ ನ್ಯುಮೋನಿಯಾ ಬರುವ ಮಗುವಿಗೂ ಆಗುತ್ತದೆ.